ಕೆಲಸ ಕಾಯ್ದಿಟ್ಟೆ, ಗಿರಾಕಿ ಉಳಿದರು: ಒಂದು ಹಾರ್ಡ್‌ವೇರ್ ಅಂಗಡಿಯ ಅನುಭವ

ಅಮೆರಿಕದ ನ್ಯಾಷನಲ್ ಗಾರ್ಡ್‌ನಲ್ಲೋ ಆರ್ಮಿ ರಿಸರ್ವ್‌ನಲ್ಲೋ, ಅಂದರೆ ಬೇರೆ ಕೆಲಸ ಮಾಡಿಕೊಂಡೇ ಕರೆ ಬಂದಾಗ ಹೋಗುವ ಅರೆಕಾಲಿಕ ಸೇನೆಯಲ್ಲಿ, ಇರುವವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅಂಗಡಿಗೆ ನಷ್ಟ ಅಂತ ನನಗೆ ಹೇಳದವರಿಲ್ಲ. ನಮ್ಮ ಲೆಕ್ಕ ನೋಡುವವರು ಹೇಳಿದರು. ಹೋಲ್‌ಸೇಲ್ ಕಡೆಯಿಂದ ಬರುವ ಸೇಲ್ಸ್‌ಮನ್ ಹೇಳಿದ. ಟೆಕ್ಸಾಸ್‌ನಲ್ಲಿ ಗ್ಯಾಸ್ ಸ್ಟೇಷನ್ ಇಟ್ಟಿರುವ ನಮ್ಮ ಭಾವ ಅಂತೂ ಫೋನ್ ಮಾಡಿದಾಗಲೆಲ್ಲ, "ಏನಪ್ಪಾ, ಅಂಗಡಿ ನಡೆಸ್ತಿದ್ದೀಯೋ, ಛತ್ರ ನಡೆಸ್ತಿದ್ದೀಯೋ?" ಅಂತಲೇ ಶುರು ಮಾಡುತ್ತಿದ್ದರು. ಈಗ ಅದೇ ಭಾವ ನನ್ನ ಶಿಫ್ಟ್ ಪಟ್ಟಿ ಕಳಿಸು ಅಂತ ಕೇಳಿದ್ದಾರೆ. ಹಾಗಾಗಿ ಬರೆಯೋಣ ಅನ್ನಿಸಿತು.

ನನ್ನದು ಮಿನ್ನೆಸೋಟಾದಲ್ಲಿ ಎರಡು ಹಾರ್ಡ್‌ವೇರ್ ಅಂಗಡಿ. ದೊಡ್ಡದು ಕ್ಯಾಂಪ್ ರಿಪ್ಲಿಯಿಂದ ತುಂಬಾ ದೂರ ಇಲ್ಲ. ಲಿಟಲ್ ಫಾಲ್ಸ್ ಹತ್ತಿರದ ಆ ಕ್ಯಾಂಪ್‌ನಲ್ಲೇ ಇಲ್ಲಿನ ಗಾರ್ಡ್ ತುಕಡಿಗಳ ಬೇಸಿಗೆ ತರಬೇತಿ ನಡೆಯೋದು. ಈ ಕಡೆ ಊರುಗಳಲ್ಲಿ ಮೂರು ನಾಲ್ಕು ಮನೆಗೆ ಒಂದರಲ್ಲಾದರೂ ಗಾರ್ಡ್‌ಗೆ ಹೋದವರೋ, ಹೋಗಿ ಬಂದವರೋ ಸಿಗುತ್ತಾರೆ ಅಂತ ನನ್ನ ಅಂದಾಜು. ಇಂಥ ಕಡೆ ಅಂಗಡಿ ಇಟ್ಟುಕೊಂಡು ಗಾರ್ಡ್ ಹುಡುಗರನ್ನು ತಗೊಳ್ಳಲ್ಲ ಅಂದರೆ ಕಾನೂನು ಪ್ರಕಾರವೂ ತಪ್ಪು, ಕೆಲಸಕ್ಕೆ ಜನವೂ ಸಿಗಲ್ಲ.

ಕಾನೂನಿನ ವಿಷಯ ಇಲ್ಲಿ ಬಿಡಿಸಿ ಹೇಳುವುದಿಲ್ಲ. 1994ರ ಯುಸೆರಾ, ಅಂದರೆ ಸೇನೆಯ ಡ್ಯೂಟಿಗೆ ಹೋದ ನೌಕರರ ಕೆಲಸ ಕಾಯುವ ಕಾನೂನು, ಅಂಗಡಿ ಇಟ್ಟವರಿಗೆಲ್ಲ ಗೊತ್ತೇ ಇದೆ. ಒಬ್ಬನೇ ನೌಕರ ಇದ್ದರೂ ಅನ್ವಯ. ಒಟ್ಟು ಐದು ವರ್ಷದವರೆಗೆ ಕೆಲಸ ಕಾಯ್ದಿಡಬೇಕು. ವಾಪಸ್ ಬಂದಾಗ ಬಿಟ್ಟುಹೋದ ಮೆಟ್ಟಿಲಿನಲ್ಲಿ ಅಲ್ಲ, ಇಲ್ಲೇ ಇದ್ದಿದ್ದರೆ ಯಾವ ಮೆಟ್ಟಿಲಿನಲ್ಲಿರುತ್ತಿದ್ದರೋ ಅಲ್ಲಿ ನಿಲ್ಲಿಸಬೇಕು. ಇಷ್ಟು ಎಲ್ಲರೂ ಮಾಡಲೇಬೇಕಾದದ್ದು. ಇದಕ್ಕೆ ಗಿರಾಕಿ ಬಂದು ಬೆನ್ನು ತಟ್ಟಲ್ಲ, ತಟ್ಟಬೇಕಾಗಿಯೂ ಇಲ್ಲ. ನಾನು ಹೇಳುತ್ತಿರುವುದು ಅದರ ಮೇಲೆ ಏನು ಮಾಡಿದೆ, ಅದರಲ್ಲಿ ಯಾವುದಕ್ಕೆ ಗಿರಾಕಿ ಒಲಿದರು, ಯಾವುದಕ್ಕೆ ದುಡ್ಡು ನೀರಾಯಿತು ಅನ್ನೋದು.

ನೀರಾದದ್ದನ್ನೇ ಮೊದಲು ಹೇಳುತ್ತೇನೆ. ಅದೇ ಜಾಸ್ತಿ ಇದೆ.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೇನೆಯವರಿಗೆ, ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಶೇಕಡಾ 10 ರಿಯಾಯಿತಿ. ಮೊದಮೊದಲು ವಾರಕ್ಕೊಂದು ದಿನ, ಆಮೇಲೆ ಎಲ್ಲ ದಿನ. ಹಾರ್ಡ್‌ವೇರ್‌ನಲ್ಲಿ ಮಾರ್ಜಿನ್ ಎಲ್ಲಿರುತ್ತೆ ಅಂತ ನಿಮಗೆ ಗೊತ್ತು. ನಟ್ಟು ಬೋಲ್ಟು, ಪೈಪ್ ಫಿಟಿಂಗ್, ಬೀಗದ ಕೈಯಲ್ಲಿ. ರಿಯಾಯಿತಿ ಕೇಳುವವರು ಅದನ್ನು ಕೊಳ್ಳೋಕೆ ಬರಲ್ಲ. ಗ್ರಿಲ್, ಚೈನ್‌ಸಾ, ಹಿಮ ತೆಗೆಯುವ ಸ್ನೋಬ್ಲೋವರ್ ಮೆಷಿನ್ ಕೊಳ್ಳೋಕೆ ಬರುತ್ತಾರೆ. ಅದರಲ್ಲಿ ನಮಗೆ ಉಳಿಯುವುದೇ ಶೇಕಡಾ 12ರಿಂದ 15. ಹತ್ತು ಹೋದರೆ ಇನ್ನೇನು ಉಳೀತು? ಆ ವರ್ಷ ಸುಮಾರು 9 ಸಾವಿರ ಡಾಲರ್ ಇದರಲ್ಲೇ ಹೋಯಿತು. ಹೋಗಲಿ, ಅವರು ಮತ್ತೆ ಬಂದರಾ? ಗಿರಾಕಿಗಳಿಗೆ ನಾವು ಮಾಡಿಕೊಡುವ ಅಂಗಡಿ ಕಾರ್ಡಿನ ನಂಬರ್ ಹಿಡಿದು ನೋಡಿದೆ. ರಿಯಾಯಿತಿಗೆ ಬಂದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆರು ತಿಂಗಳಲ್ಲಿ ಮತ್ತೆ ಮುಖ ತೋರಿಸಿರಲಿಲ್ಲ. ಅದೇ ರಿಯಾಯಿತಿ ದೊಡ್ಡ ಚೈನ್ ಅಂಗಡಿಗಳಲ್ಲೂ ಇದೆ. ಅಲ್ಲಿ ಸ್ಟಾಕೂ ಜಾಸ್ತಿ. ಬೆಲೆ ನೋಡಿ ಬಂದವರು ಬೆಲೆ ನೋಡಿಯೇ ಹೋಗುತ್ತಾರೆ.

ಎರಡನೆಯದು ಬ್ಯಾನರ್. ಪೇಂಟ್ ವಿಭಾಗದ ನಮ್ಮ ಹುಡುಗನೊಬ್ಬ ಮೊದಲ ಸಲ ಹೊರದೇಶಕ್ಕೆ ಹೊರಟಾಗ, ಅವನ ಯೂನಿಫಾರ್ಮಿನ ಫೋಟೋ ಹಾಕಿ ಬಾಗಿಲ ಮೇಲೆ ಬ್ಯಾನರ್ ಕಟ್ಟಿಸಿದೆ. ಮುನ್ನೂರು ಡಾಲರ್ ಆಯಿತು. ಮೂರನೇ ದಿನಕ್ಕೆ ಅವನ ಹೆಂಡತಿ ಬಂದರು. ಬೈಯಲಿಲ್ಲ, ಮೆಲ್ಲಗೆ ಹೇಳಿದರು: "ಇವರು ಊರಲ್ಲಿಲ್ಲ, ಮನೆಯಲ್ಲಿ ನಾನು, ಮಕ್ಕಳು ಅಷ್ಟೇ ಇದ್ದೀವಿ ಅಂತ ನೀವು ಊರಿಗೆಲ್ಲ ಡಂಗುರ ಹೊಡೀತಿದ್ದೀರಿ." ಅವತ್ತು ಸಂಜೆಯೇ ಇಳಿಸಿದೆ. ಇದು ಗಾರ್ಡ್ ಮನೆಯವರೆಲ್ಲ ಯೋಚಿಸುವ ವಿಷಯ. ಹೊರಗಿನವರಿಗೆ ಹೊಳೆಯಲ್ಲ. ಈಗ ನನ್ನ ಅಂಗಡಿಯಲ್ಲಿ ಡ್ಯೂಟಿಗೆ ಹೋದ ಯಾರ ಫೋಟೋನೂ ಇಲ್ಲ, ಮನೆ ಹೆಸರೂ ಇಲ್ಲ.

ಡ್ಯೂಟಿಗೆ ಹೋದ ಸೈನಿಕರ ಬೆಂಬಲಕ್ಕೆ ಅಂತ ಕಾರಿಗೆ ಅಂಟಿಸುವ ಹಳದಿ ರಿಬ್ಬನ್ ಮ್ಯಾಗ್ನೆಟ್ ಒಂದು ಪೆಟ್ಟಿಗೆ ತರಿಸಿದ್ದೆ. ಅದು ಇನ್ನೂ ಹಿಂದಿನ ರೂಮಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಈಗ ಸಂಬಳದ ವಿಷಯ. ಡ್ಯೂಟಿಗೆ ಹೋದವರಿಗೆ ಅಂಗಡಿ ಸಂಬಳಕ್ಕೂ ಸೇನೆಯ ಸಂಬಳಕ್ಕೂ ಇರುವ ವ್ಯತ್ಯಾಸ ತುಂಬಿಕೊಡುವುದು. ದೊಡ್ಡ ಕಂಪನಿಗಳು ಇದನ್ನೇ ಮಾಡಿ ಹೆಸರು ಮಾಡಿದ್ದು. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಸಿಯರ್ಸ್ ಅನ್ನೋ ದೊಡ್ಡ ಚೈನ್ ಅಂಗಡಿ ಬಗ್ಗೆ ದೇಶದ ತುಂಬಾ ಮಾತು ಹರಡಿತ್ತು, ನೆನಪಿದೆಯಾ? ಕರೆ ಬಂದ ರಿಸರ್ವ್ ನೌಕರರಿಗೆ ಸಂಬಳದ ವ್ಯತ್ಯಾಸ ಕಟ್ಟಿಕೊಡುತ್ತಾರೆ, ವಿಮೆ ಉಳಿಸುತ್ತಾರೆ, ಅಲ್ಲೇ ಸಾಮಾನು ಕೊಳ್ಳಿ ಅಂತ. ಮಾತು ನಿಜವೇ ಆಗಿತ್ತು. ಜನ ಮೆಚ್ಚಿ ಹೋಗಿ ಕೊಂಡದ್ದೂ ನಿಜ. ಆದರೆ 2018ರ ಅಕ್ಟೋಬರ್‌ನಲ್ಲಿ ಅದೇ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ನನ್ನ ಲೆಕ್ಕ ನೋಡುವವರು ಇದನ್ನು ನನ್ನ ಮುಂದೆ ಎಷ್ಟು ಸಲ ಎತ್ತಿ ಆಡಿದ್ದಾರೋ. ನಾನು ಹೇಳೋದು ಇಷ್ಟೇ: ಮೆಚ್ಚುಗೆಗೆ ಗಿರಾಕಿ ಒಂದು ಸಲ ಬರುತ್ತಾನೆ. ವಾಷರ್ ಸಿಗಲಿಲ್ಲ ಅಂದರೆ ಎರಡನೇ ಸಲ ಬರಲ್ಲ.

ನಾನೂ ವ್ಯತ್ಯಾಸ ಕೊಡುತ್ತೇನೆ ಅಂತ ಘೋಷಿಸಿದೆ. ಆಮೇಲೆ ಲೆಕ್ಕ ಹಾಕಲು ಕೂತರೆ ತಮಾಷೆ ಆಯಿತು. ಕ್ಯಾಶ್‌ನಲ್ಲಿ ಕೂರುವ ಹುಡುಗಿ ವಾರಕ್ಕೆ 25 ಗಂಟೆ ಕೆಲಸ ಮಾಡಿ ತಿಂಗಳಿಗೆ ಸಾವಿರದ ಆರುನೂರು ಡಾಲರ್ ಆಸುಪಾಸು ತಗೊಳ್ಳುತ್ತಿದ್ದಳು. ಅವಳು ಸೇನೆಯಲ್ಲಿ ಇ-4 ರ‍್ಯಾಂಕ್, ಕೆಳಗಿನ ದರ್ಜೆ. ಪೂರ್ತಿ ಡ್ಯೂಟಿಗೆ ಹೋದರೆ ಬೇಸಿಕ್ಕೇ ಅದಕ್ಕಿಂತ ಎಷ್ಟೋ ಜಾಸ್ತಿ. ಮೇಲೆ ಮನೆ ಬಾಡಿಗೆ ಭತ್ಯೆ, ಊಟದ ಭತ್ಯೆ. ಭತ್ಯೆಗೆ ಟ್ಯಾಕ್ಸ್ ಇಲ್ಲ. ಅಂದರೆ ನಮ್ಮಂಥ ಅಂಗಡಿಗಳ ಕೆಳಗಿನ ಕೆಲಸದವರಿಗೆ ವ್ಯತ್ಯಾಸ ಅನ್ನೋದು ಸೊನ್ನೆ. ನಾನು ಎದೆ ತಟ್ಟಿ ಹೇಳಿದ ಸೌಲಭ್ಯದಿಂದ ಹತ್ತು ಜನರಲ್ಲಿ ಎಂಟು ಜನಕ್ಕೆ ಒಂದು ಪೈಸೆ ಸಿಗುತ್ತಿರಲಿಲ್ಲ!

ಸಿಗುತ್ತಿದ್ದದ್ದು ವಿಭಾಗ ನೋಡಿಕೊಳ್ಳುವವರಿಗೆ ಮಾತ್ರ. ನಮ್ಮ ಪೇಂಟ್ ವಿಭಾಗದ ಹುಡುಗ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಸ್ವಲ್ಪ ತಗೊಳ್ಳುತ್ತಿದ್ದ. ಅವನದು ಇ-5, ಬೇಸಿಕ್ ಆಗ ಮೂರು ಸಾವಿರ ಚಿಲ್ಲರೆ. ಇಲ್ಲಿ ಲೆಕ್ಕದವರಿಗೂ ನನಗೂ ಜಟಾಪಟಿ. ಭತ್ಯೆ ಸೇರಿಸಿ ನೋಡಿದರೆ ಅವನಿಗೂ ಸೇನೆಯಲ್ಲೇ ಜಾಸ್ತಿ, ನೀನು ಏನೂ ಕೊಡಬೇಕಿಲ್ಲ ಅಂತ ಅವರು. ಬಾಡಿಗೆ ಭತ್ಯೆ ಮನೆ ಸಾಲದ ಕಂತಿಗೆ ಹೋಗುತ್ತೆ, ಅದನ್ನು ಸಂಬಳ ಅನ್ನಬೇಡಿ ಅಂತ ನಾನು. ಕೊನೆಗೆ ಅವನ ಎಲ್‌ಇಎಸ್, ಅಂದರೆ ಸೇನೆಯ ಸಂಬಳದ ಚೀಟಿಯಲ್ಲಿರುವ ಬೇಸಿಕ್ ಮಾತ್ರ ಹಿಡಿದು ವ್ಯತ್ಯಾಸ ಕೊಟ್ಟೆ. ತಿಂಗಳಿಗೆ ಒಂಬೈನೂರು ಡಾಲರ್ ಆಸುಪಾಸು, ಹೆಚ್ಚುಕಡಿಮೆ ಒಂದು ವರ್ಷ. ಹತ್ತು ಸಾವಿರ ಚಿಲ್ಲರೆ ಆಯಿತು. ಅದರಲ್ಲಿ ಶೇಕಡಾ 20 ಟ್ಯಾಕ್ಸ್ ಕ್ರೆಡಿಟ್ ಆಗಿ, ಅಂದರೆ ನಾನು ಕಟ್ಟುವ ತೆರಿಗೆಯಲ್ಲಿ ಕಡಿತವಾಗಿ, ವಾಪಸ್ ಬಂತು.

ಆ ಕ್ರೆಡಿಟ್ ಬಗ್ಗೆ ಎರಡು ಮಾತು. ತಲೆಗೆ 20 ಸಾವಿರ ಡಾಲರ್‌ವರೆಗಿನ ಪಾವತಿಗೆ ಸಿಗುತ್ತೆ, ಅಂದರೆ ಹೆಚ್ಚೆಂದರೆ ನಾಲ್ಕು ಸಾವಿರ. ಲಿಖಿತ ಪ್ಲಾನ್ ಇರಲೇಬೇಕು, ಬಾಯಿ ಮಾತಿಗೆ ಬೆಲೆ ಇಲ್ಲ. ಡ್ಯೂಟಿ ಆದೇಶ 30 ದಿನಕ್ಕಿಂತ ಜಾಸ್ತಿ ಇರಬೇಕು. ಬೇಸಿಗೆಯ ಎರಡು ವಾರದ ಕ್ಯಾಂಪ್‌ಗೆ ಕೊಟ್ಟದ್ದು ಇದರಲ್ಲಿ ಬರಲ್ಲ. ಇನ್ನೊಂದು, 30 ದಿನ ದಾಟಿದ ಡ್ಯೂಟಿಗೆ ಕೊಡುವ ವ್ಯತ್ಯಾಸದ ಮೇಲೆ ಇನ್‌ಕಮ್ ಟ್ಯಾಕ್ಸ್ ಹಿಡಿಯಬೇಕು, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಅನ್ನೋ ಪಿಂಚಣಿ, ಆರೋಗ್ಯ ವಂತಿಗೆ ಹಿಡಿಯುವಂತಿಲ್ಲ. ನಮ್ಮ ಪೇರೋಲ್ ಸಾಫ್ಟ್‌ವೇರ್ ಎಲ್ಲವನ್ನೂ ಹಿಡಿದು ಕೂತಿತ್ತು. ಸರಿ ಮಾಡಿಸಲು ಲೆಕ್ಕದವರಿಗೆ ಕೊಟ್ಟ ಫೀಸೇ ಐನೂರು ದಾಟಿತು. ನಿಮ್ಮ ಪೇರೋಲ್‌ನಲ್ಲಿ ಇದಕ್ಕೆ ಬೇರೆ ಕೋಡ್ ಹಾಕಿಸಿಕೊಳ್ಳಿ.

ವಿಮೆಯಲ್ಲೂ ಇದೇ ಕಥೆ. ಅವನ ಮನೆಯವರ ಆರೋಗ್ಯ ವಿಮೆ ಪ್ರೀಮಿಯಂ ನಾನೇ ಕಟ್ಟುತ್ತಾ ಹೋದೆ. ಅವರು ಆ ಕಾರ್ಡ್ ತೋರಿಸಲೇ ಇಲ್ಲ. 30 ದಿನ ದಾಟಿದ ಡ್ಯೂಟಿಗೆ ಮನೆಯವರಿಗೆಲ್ಲ ಸೇನೆಯ ಆರೋಗ್ಯ ವಿಮೆ ಟ್ರೈಕೇರ್ ಬರುತ್ತೆ, ಪ್ರೀಮಿಯಂ ಇಲ್ಲ. ಈಗ ಹೊರಡುವ ಮುಂಚೆ ಕೂರಿಸಿಕೊಂಡು ಕೇಳುತ್ತೇನೆ: ಮಕ್ಕಳ ಡಾಕ್ಟರ್ ಟ್ರೈಕೇರ್ ತಗೊಳ್ತಾರಾ? ತಗೊಳ್ಳಲ್ಲ ಅಂದರೆ ಮಾತ್ರ ನಮ್ಮದು ಮುಂದುವರಿಸುತ್ತೇನೆ. ಆ ದುಡ್ಡು ಬೇರೆ ಕಡೆ ಉಪಯೋಗಕ್ಕೆ ಬಂತು.

ಎಲ್ಲಿ ಅಂದರೆ ಶನಿವಾರಗಳಲ್ಲಿ.

ನಿಜವಾದ ತಾಪತ್ರಯ ಹೊರದೇಶದ ಡ್ಯೂಟಿ ಅಲ್ಲ. ಅದು ಕೆಲವು ವರ್ಷಕ್ಕೊಂದು ಸಲ. ತಿಂಗಳಿಗೊಂದು ಡ್ರಿಲ್ ವೀಕೆಂಡ್, ಅಂದರೆ ಶನಿವಾರ ಭಾನುವಾರದ ಗಾರ್ಡ್ ತರಬೇತಿ ಇದೆಯಲ್ಲ, ಅದು. ಹಾರ್ಡ್‌ವೇರ್ ಅಂಗಡಿಗೆ ಶನಿವಾರ ಅಂದರೆ ವಾರದ ಅರ್ಧ ವ್ಯಾಪಾರ. ಒಂದೇ ಯೂನಿಟ್‌ನ ಇಬ್ಬರು ಮೂವರು ನಮ್ಮಲ್ಲೇ ಇದ್ದರೆ ಎಲ್ಲರೂ ಒಂದೇ ಸಲ ಖಾಲಿ. ಉಳಿದವರು ಎಲ್ಲವನ್ನೂ ಎಳೆದು ಸುಸ್ತಾಗುತ್ತಾರೆ. ಒಳಗೊಳಗೇ ಗೊಣಗುತ್ತಾರೆ. ಆ ಗೊಣಗು ಗಿರಾಕಿಗೆ ಕೇಳಿಸುತ್ತೆ. "ಪ್ಲಂಬಿಂಗ್ ನೋಡೋನು ಎಲ್ಲಿ?" ಅಂತ ಕೇಳಿದರೆ, "ಅವನಾ? ಮತ್ತೆ ಗಾರ್ಡ್‌ಗೆ ಹೋಗಿದ್ದಾನೆ" ಅಂತ ನಮ್ಮವನೇ ಮುಖ ಸಿಂಡರಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಾಗಿಲಲ್ಲಿ ಎಷ್ಟು ಬಾವುಟ ಹಾಕಿದ್ದರೂ ಆ ಒಂದು ಮಾತು ಸಾಕು.

ಅದಕ್ಕೆ ಮಾಡಿದ್ದು ಬದಲಿ ಪಟ್ಟಿ. ಊರಿನ ನಿವೃತ್ತರನ್ನು ಹಿಡಿದೆ. ಒಬ್ಬರು ಜೀವನಪೂರ್ತಿ ಮನೆ ಬಿಸಿ ಮಾಡುವ ಫರ್ನೇಸ್ ರಿಪೇರಿ ಮಾಡಿದವರು. ಒಬ್ಬರು ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿದ ಮೇಷ್ಟ್ರು. ಇನ್ನಿಬ್ಬರು ರೈತರು, ಜಮೀನು ಮಕ್ಕಳಿಗೆ ಬಿಟ್ಟವರು. ತಿಂಗಳಿಗೆ ಒಂದೇ ವೀಕೆಂಡ್, ಗಂಟೆಗೆ ಮಾಮೂಲಿಗಿಂತ ನಾಲ್ಕು ಡಾಲರ್ ಜಾಸ್ತಿ. ಡ್ರಿಲ್ ಕ್ಯಾಲೆಂಡರ್ ಯೂನಿಟ್‌ನಿಂದ ಇಡೀ ವರ್ಷದ್ದು ಮೊದಲೇ ಸಿಗುತ್ತೆ, ಹುಡುಗರನ್ನು ಕೇಳಿ ಇಸಕೊಳ್ಳಿ. ನಾನು ಅದನ್ನು ಜನವರಿಗೆ ಮುಂಚೆಯೇ ಗೋಡೆಗೆ ಹಾಕುತ್ತೇನೆ. ಯಾರ ಜಾಗಕ್ಕೆ ಯಾರು ಅಂತ ಜೋಡಿ ಮಾಡುವುದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯಲ್ಲ. ನನ್ನ ಎದುರಾಳಿ ಅಂಗಡಿಯ ಲೆಕ್ಕ ನೋಡುವವರೂ ಕನ್ನಡದವರೇ.

ಮೊದಲ ಚಳಿಗಾಲಕ್ಕೇ ಪಟ್ಟಿ ಕುಸಿಯಿತು. ನವೆಂಬರ್ ಬಂದದ್ದೇ ತಡ, ನಿವೃತ್ತರಲ್ಲಿ ಅರ್ಧ ಜನ ಚಳಿ ತಪ್ಪಿಸಿಕೊಳ್ಳಲು ಗಂಟುಮೂಟೆ ಕಟ್ಟಿ ಬೆಚ್ಚಗಿನ ಅರಿಜೋನಾಗೆ ಹೊರಟರು. ಮಿನ್ನೆಸೋಟಾದಲ್ಲಿ ಇರುವವರಿಗೆ ಇದು ಹೊಸದೇನಲ್ಲ. ಈಗ ಎರಡು ಪಟ್ಟಿ ಇದೆ. ಬೇಸಿಗೆಗೆ ಒಂದು, ಹಿಮಕ್ಕೆ ಒಂದು. ಹಿಮದ ಪಟ್ಟಿಯಲ್ಲಿ ರೈತರೇ ಜಾಸ್ತಿ. ಅವರಿಗೆ ಆಗ ಗದ್ದೆ ಕೆಲಸ ಇರಲ್ಲ.

ಈ ಪಟ್ಟಿಯಿಂದ ನಾನು ಎಣಿಸಿರದ ಲಾಭ ಬಂತು. ಫರ್ನೇಸ್ ಅಜ್ಜ ಕೌಂಟರ್‌ನಲ್ಲಿ ನಿಂತರೆ ಅವರ ಹಳೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. "ಇವತ್ತು ನೀವ್ಯಾಕೆ ಇಲ್ಲಿ?" ಅಂತ ಕೇಳುತ್ತಾರೆ. "ಹುಡುಗ ಡ್ರಿಲ್‌ಗೆ ಹೋಗಿದ್ದಾನೆ, ಅವನ ಜಾಗ ನೋಡ್ಕೊತಿದ್ದೀನಿ" ಅನ್ನುತ್ತಾರೆ ಅಜ್ಜ. ಅಷ್ಟೇ ಮಾತು. ಮಾಲೀಕ ಹೇಳಿದರೆ ಜಾಹೀರಾತು, ಅಜ್ಜ ಹೇಳಿದರೆ ಸುದ್ದಿ. ಅದು ಚರ್ಚಿಗೆ, ಅಲ್ಲಿಂದ ಹಾಕಿ ಮೈದಾನಕ್ಕೆ ತಲುಪಲು ವಾರ ಹಿಡಿಯಲ್ಲ.

ಇನ್ನು ಪಿನ್ ಕಥೆ. ನಮ್ಮ ಪೇಂಟ್ ಹುಡುಗ 2021ರಲ್ಲಿ ಕುವೈತ್ ಕಡೆ ಹೋಗಿದ್ದ ಕಾಲ. ಅವನಿಗೆ ಪೇಂಟ್ ಜೊತೆ ಸ್ನೋಬ್ಲೋವರ್ ಪಾರ್ಟ್ಸೂ ಚೆನ್ನಾಗಿ ಗೊತ್ತಿತ್ತು. ಜನವರಿಯಲ್ಲಿ ಒಂದು ಬೆಳಗ್ಗೆ, ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಂದರು. ಕೈಗವಸು ಬಿಚ್ಚಿ, ಟಿಶ್ಯೂ ಪೇಪರ್ ಮಡಿಕೆ ಬಿಡಿಸಿ, ಮುರಿದ ಶಿಯರ್ ಪಿನ್ನಿನ ಎರಡು ತುಂಡು ಕೌಂಟರ್ ಮೇಲಿಟ್ಟರು. ರಾತ್ರಿ ಹಿಮದಲ್ಲಿ ಹೂತುಹೋದ ಪೇಪರ್ ಕಟ್ಟು ಅವರ ಸ್ನೋಬ್ಲೋವರ್‌ನ ಆಗರ್‌ಗೆ, ಅಂದರೆ ಹಿಮ ಎಳೆಯುವ ಸುರುಳಿಗೆ ಸಿಕ್ಕಿ ಪಿನ್ ಮುರಿದಿತ್ತು. ಮುರಿಯಲೆಂದೇ ಇರುವ ಪಿನ್ ಅದು, ಮುರಿದು ಗೇರ್‌ಬಾಕ್ಸ್ ಉಳಿಸುತ್ತೆ. ಕೌಂಟರ್‌ನಲ್ಲಿದ್ದದ್ದು ಕಾಲೇಜು ಹುಡುಗ, ಹೊಸಬ. ದಪ್ಪ ನೋಡಿದ, ಉದ್ದ ನೋಡಿದ, ಕಾಲಿಂಚಿನ ಒಂದು ಗಟ್ಟಿ ಬೋಲ್ಟ್ ಕೊಟ್ಟು ಕಳಿಸಿದ. ಗಟ್ಟಿ ಇದ್ದರೆ ಒಳ್ಳೆಯದು ಅಲ್ವಾ ಅಂತ ಅವನ ಎಣಿಕೆ. ಮುಂದಿನ ವಾರ ಒಂದು ಮಂಜುಗಡ್ಡೆ ಸಿಕ್ಕಿತು. ಬೋಲ್ಟ್ ಮುರಿಯಲಿಲ್ಲ, ಗೇರ್‌ಬಾಕ್ಸ್ ಹೋಯಿತು.

ನಮ್ಮ ವ್ಯಾನ್ ಕಳಿಸಿ ಮೆಷಿನ್ ತರಿಸಿದೆ. ಹೊಸ ಗೇರ್‌ಬಾಕ್ಸ್ ಹಾಕಿಸಿದೆ. ಪಾರ್ಟು, ಕೂಲಿ ಸೇರಿ ಮುನ್ನೂರರ ಮೇಲೆ. ಒಂದೂವರೆ ಡಾಲರ್ ಬೋಲ್ಟಿಗೆ! ಅಷ್ಟು ದಿನ ಅವರ ಮನೆ ಮುಂದಿನ ಹಿಮ ನಮ್ಮ ಹುಡುಗರೇ ತೆಗೆದರು. ಮೆಷಿನ್ ವಾಪಸ್ ಕೊಡುವಾಗ ನಾನೇ ಹೋಗಿದ್ದೆ. ಅಜ್ಜಿ ಕೇಳಿದ್ದು ಮೆಷಿನ್ ಬಗ್ಗೆ ಅಲ್ಲ. "ಆ ಪೇಂಟ್ ಹುಡುಗನ ಕೆಲಸ ಹಾಗೇ ಇಟ್ಟಿದ್ದೀರಂತೆ, ನಿಜವಾ?" ಅಂದರು. ನಿಜ ಅಂದೆ. ಅವರ ಮಗ ರೆಡ್ ಬುಲ್ಸ್‌ನಲ್ಲಿದ್ದನಂತೆ. ಇಲ್ಲಿನ 34ನೇ ಇನ್‌ಫೆಂಟ್ರಿ ಡಿವಿಜನ್‌ಗೆ ಆ ಹೆಸರು. ಅದರ ಒಂದನೇ ಬ್ರಿಗೇಡ್ ಇರಾಕಿನಿಂದ ಇನ್ನೇನು ಹೊರಡಬೇಕು ಅನ್ನುವಾಗ, 2007ರ ಜನವರಿಯಲ್ಲಿ, ಇನ್ನೂ ನಾಲ್ಕು ತಿಂಗಳು ಇರಿ ಅಂತ ಆದೇಶ ಬಂದಿತ್ತು. ಊರಿಗೆ ಬಂದದ್ದು ಆ ಬೇಸಿಗೆಗೆ. ತರಬೇತಿ ಎಲ್ಲ ಸೇರಿ ಸುಮಾರು 22 ತಿಂಗಳು ಮನೆ ಬಿಟ್ಟಿದ್ದರು. ಅಜ್ಜಿಯ ಮಗ ಬಂದಾಗ ಅವನ ಗೋಡೌನ್ ಕೆಲಸ ಬೇರೆಯವರಿಗೆ ಹೋಗಿತ್ತಂತೆ. ಕಾನೂನಿತ್ತು, ಆದರೆ ಅವನು ಜಗಳಕ್ಕೆ ಹೋಗಲಿಲ್ಲವಂತೆ.

ಈ ಕಡೆ ಹೀಗೆ ನೆನಪಿಟ್ಟುಕೊಂಡ ಮನೆ ತುಂಬಾ ಇವೆ. ಅವರು ನನ್ನ ಅಂಗಡಿಗೆ ಬರುವುದು ದೇಶಭಕ್ತಿಗೆ ಅಂತ ಭಾವ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸಲ್ಲ. ತಮಗೆ ಆಗದೇ ಹೋದದ್ದು ಇನ್ನೊಬ್ಬರಿಗೆ ಆಗುತ್ತಿದೆಯಾ ಅಂತ ನೋಡೋಕೆ ಬರುತ್ತಾರೆ. ಅದಕ್ಕೇ ಬ್ಯಾನರ್ ಕೆಲಸ ಮಾಡಲ್ಲ. ಹೋದ ಹುಡುಗ ಅದೇ ಕೌಂಟರ್‌ಗೆ ವಾಪಸ್ ಬಂದು ನಿಂತದ್ದು ಕಣ್ಣಿಗೆ ಕಾಣಬೇಕು. ಅಲ್ಲಿಯವರೆಗೆ ಅವರು ನಿಮ್ಮನ್ನು ಅಳೆಯುತ್ತಾ ಇರುತ್ತಾರೆ.

ಅಜ್ಜಿಯ ಬೀದಿಯೊಂದರಿಂದಲೇ ಆ ವರ್ಷ ಏಳೆಂಟು ಹೊಸ ಮನೆಗಳು ಕಾರ್ಡ್ ಮಾಡಿಸಿದವು. ಆ ಕಾಲೇಜು ಹುಡುಗ ಈಗ ಪಿನ್ ವಿಷಯದಲ್ಲಿ ಪಂಡಿತ. ಪ್ರತಿ ಬ್ರ್ಯಾಂಡಿನ ಪಿನ್ ಒಂದೊಂದು ಹಲಗೆಗೆ ಕಟ್ಟಿ, ಕೆಳಗೆ ಮಾಡೆಲ್ ಬರೆದು ತೂಗುಹಾಕಿದ್ದಾನೆ.

ಇದರಿಂದಲೇ ಹುಟ್ಟಿದ್ದು ಸ್ನೋಬ್ಲೋವರ್ ಸರ್ವಿಸ್. ಮನೆಯಿಂದ ಯಾರಾದರೂ ಡ್ಯೂಟಿಗೆ ಹೋಗಿದ್ದರೆ ಅಕ್ಟೋಬರ್‌ನಲ್ಲಿ ಒಂದು ಸಲ ಟ್ಯೂನಪ್, ಕೂಲಿ ಇಲ್ಲ, ಪಾರ್ಟ್ಸಿಗೆ ನಾವು ಕೊಂಡ ಬೆಲೆ. ನಮ್ಮ ನೌಕರರ ಮನೆಗೆ ಅಷ್ಟೇ ಅಲ್ಲ, ಊರಿನ ಯಾವ ಮನೆಗಾದರೂ. ಒಂದಕ್ಕೆ ಅರವತ್ತು ಎಪ್ಪತ್ತು ಡಾಲರ್ ಕೂಲಿ ನನ್ನ ಜೇಬಿನಿಂದ. ವರ್ಷಕ್ಕೆ ಮೂವತ್ತರ ಆಸುಪಾಸು ಮೆಷಿನ್ ಬರುತ್ತವೆ. ಎರಡು ಸಾವಿರ ಡಾಲರ್ ಅಂದುಕೊಳ್ಳಿ. ರಿಯಾಯಿತಿಗೆ ಹೋದ ಒಂಬತ್ತು ಸಾವಿರಕ್ಕೆ ಇದನ್ನು ಹೋಲಿಸಿ ನೋಡಿ. ಈ ಮನೆಗಳಲ್ಲಿ ಹತ್ತರಲ್ಲಿ ಒಂಬತ್ತು ಮರುವರ್ಷವೂ ನಮ್ಮಲ್ಲೇ ಕೊಳ್ಳುತ್ತಿವೆ. ಡ್ಯೂಟಿ ಮುಗಿದ ಮೇಲೂ.

ಮೆಷಿನ್ ವಾಪಸ್ ಕೊಡುವಾಗ ಒಂದು ಚೀಟಿ ಕಟ್ಟಿ ಕೊಡುತ್ತೇವೆ. ಅದರಲ್ಲಿ ಎರಡು ಸಾಲು ಇರುತ್ತೆ. ಬಹಳ ಜನ ಅದನ್ನು ಫ್ರಿಜ್ ಮೇಲೆ ಅಂಟಿಸಿಕೊಂಡದ್ದು ನೋಡಿದ್ದೇನೆ. ಒಕ್ಕಣೆ ನನ್ನ ಹೆಂಡತಿಯದು. ಹೊರಗೆ ಕೊಡಬೇಡ ಅಂದಿದ್ದಾಳೆ.

ಸೇನೆ ಅಂದರೆ ಎಲ್ಲರೂ ಕೈ ಮುಗಿಯುತ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ. 2020ರ ಮೇ ಕೊನೆಯಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಮಿನ್ನಿಯಾಪೊಲಿಸ್ ಹೊತ್ತಿ ಉರಿದಾಗ, ರಾಜ್ಯಪಾಲ ಟಿಮ್ ವಾಲ್ಜ್ ಇಡೀ ಮಿನ್ನೆಸೋಟಾ ಗಾರ್ಡನ್ನು ಕರೆದರು. ಅವರೂ 24 ವರ್ಷ ಗಾರ್ಡ್‌ನಲ್ಲಿದ್ದವರೇ. ನಮ್ಮಲ್ಲಿದ್ದ ಗಾರ್ಡ್‌ನವರು ಒಬ್ಬರೂ ಉಳಿಯಲಿಲ್ಲ. ಕೋವಿಡ್ ಕಾಲ, ಹಾರ್ಡ್‌ವೇರ್ ಅಗತ್ಯ ಸೇವೆ ಅಂತ ಅಂಗಡಿ ತೆರೆದಿತ್ತು, ಮನೆಯಲ್ಲಿ ಕೂತವರೆಲ್ಲ ಪೇಂಟ್ ಹೊಡೆಯೋಕೆ ಶುರು ಮಾಡಿದ್ದರು. ಜನವೋ ಜನ. ಕೌಂಟರ್‌ನಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಅಜ್ಜಂದಿರು. ಕೆಲವು ಗಿರಾಕಿಗಳು ಹುಡುಗರಿಗೆ ಅಂತ ಕುಕ್ಕಿ ತಂದುಕೊಟ್ಟರು. ಕೆಲವರು, "ನಿಮ್ಮ ಹುಡುಗರು ಅಲ್ಲಿ ಬಂದೂಕು ಹಿಡಿದು ನಿಂತಿದ್ದಾರಾ?" ಅಂತ ಕೇಳಿ ಸಾಮಾನು ಅಲ್ಲೇ ಬಿಟ್ಟು ಹೋದರು. ನಾನು ಎರಡೂ ಕಡೆಗೆ ಒಂದೇ ಮಾತು ಹೇಳಿದೆ: ಅವರನ್ನು ಎಲ್ಲಿಗೆ ಕಳಿಸುತ್ತಾರೆ ಅನ್ನೋದು ನನ್ನ ಕೈಯಲ್ಲಿಲ್ಲ, ವಾಪಸ್ ಬಂದಾಗ ಕೆಲಸ ಇರುತ್ತೆ ಅನ್ನೋದು ನನ್ನ ಕೈಯಲ್ಲಿದೆ. ಕೆಲವು ಮನೆಗಳು ಆಮೇಲೆ ಬರಲೇ ಇಲ್ಲ. ಅದೂ ಲೆಕ್ಕದಲ್ಲಿರಲಿ. ರಾಜ್ಯದ ಕರೆಗೆ ಹೋದವರಿಗೆ ಆಗ ಯುಸೆರಾ ರಕ್ಷಣೆಯೂ ಇರಲಿಲ್ಲ. 2021ರ ಜನವರಿಯಲ್ಲಿ ಬಂದ ತಿದ್ದುಪಡಿಯಿಂದ 14 ದಿನ ಅಥವಾ ಅದಕ್ಕಿಂತ ಹೆಚ್ಚಿನ ರಾಜ್ಯ ಡ್ಯೂಟಿಗೂ ಅದು ಬಂತು. ನಾನು ಅದಕ್ಕೆ ಕಾಯಲಿಲ್ಲ ಅಂತ ಹೇಳಿಕೊಳ್ಳೋಕೆ ನನಗೆ ಸಂಕೋಚ ಇಲ್ಲ.

ಪ್ರಶಸ್ತಿ ಪತ್ರ ಬಂದದ್ದು ಅದಾದ ಮೇಲೆ. ಇಎಸ್‌ಜಿಆರ್ ಅಂತ ಇದೆ, 1972ರಿಂದ. ಮಾಲೀಕರಿಗೂ ರಿಸರ್ವ್ ನೌಕರರಿಗೂ ಮಧ್ಯೆ ಮಾತಾಡಿಸುವ ರಕ್ಷಣಾ ಇಲಾಖೆಯ ಅಂಗ. ಅವರ ಪೇಟ್ರಿಯಟ್ ಅವಾರ್ಡ್‌ಗೆ ನಾವು ಅರ್ಜಿ ಹಾಕುವ ಹಾಗಿಲ್ಲ, ನೌಕರನ ಕಡೆಯಿಂದಲೇ ಹೆಸರು ಹೋಗಬೇಕು. ಎಲ್ಲಿ ಹಾಕಲಿ ಅಂತ ಒಂದಷ್ಟು ಜಾಗ ನೋಡಿದೆ. ಬಾಗಿಲ ಹತ್ತಿರ ಇಟ್ಟಾಗ ಯಾರೂ ನಿಂತು ನೋಡಲಿಲ್ಲ. ಕ್ಯಾಶ್ ಹಿಂದೆ ಇಟ್ಟರೆ ಶೋಕಿ ಥರ ಕಂಡಿತು. ಕೊನೆಗೆ ಬೀಗದ ಕೈ ಕತ್ತರಿಸುವ ಮೆಷಿನ್ ಪಕ್ಕ ತೂಗುಹಾಕಿದೆ. ಕೀ ಆಗುವವರೆಗೆ ಗಿರಾಕಿ ಎರಡು ನಿಮಿಷ ಅಲ್ಲೇ ನಿಲ್ಲಬೇಕು. ಬೇರೆ ಕೆಲಸ ಇಲ್ಲ, ಓದುತ್ತಾರೆ. "ಯಾರು ಕಳಿಸಿದ್ದು ಹೆಸರು?" ಅಂತ ಕೇಳುತ್ತಾರೆ. ಕೆಲವು ಸಲ ಕೀ ಮಾಡುತ್ತಿರುವವನೇ ಕಳಿಸಿದವನಾಗಿರುತ್ತಾನೆ.

ಇದನ್ನು ನೋಡಿ ಇನ್ನೊಂದು ಪ್ರಯೋಗ ಮಾಡಿದೆ, ವಿಷಯಕ್ಕೆ ಸಂಬಂಧವಿಲ್ಲದ್ದು. ಕೀ ಮೆಷಿನ್ ಪಕ್ಕ ಫರ್ನೇಸ್ ಫಿಲ್ಟರ್ ಜೋಡಿಸಿಟ್ಟೆ. ಫಿಲ್ಟರ್ ವ್ಯಾಪಾರ ಆ ಚಳಿಗಾಲ ಕಾಲುಭಾಗ ಏರಿತು. ಐಸ್ ಕರಗಿಸುವ ಉಪ್ಪಿನ ಚೀಲ ಇಟ್ಟಾಗ ಏನೂ ಆಗಲಿಲ್ಲ. ಚೀಲ ಹೊತ್ತುಕೊಂಡು ಕ್ಯಾಶ್‌ವರೆಗೆ ಯಾರು ಹೋಗುತ್ತಾರೆ?

ಒಟ್ಟು ಲೆಕ್ಕ ಕೇಳುವವರಿಗೆ: ಹನ್ನೆರಡು ನಿಮಿಷದ ದಾರಿಯಲ್ಲಿ ದೊಡ್ಡ ಚೈನ್ ಅಂಗಡಿ ತೆರೆದಾಗ ಶೇಕಡಾ 20ರಿಂದ 25 ವ್ಯಾಪಾರ ಬಿದ್ದೇ ಬೀಳುತ್ತೆ ಅಂತ ಹೋಲ್‌ಸೇಲ್‌ನವರು ಹೆದರಿಸಿದ್ದರು. ಬಿದ್ದದ್ದು ಹನ್ನೆರಡರ ಆಸುಪಾಸು. ಒಂದೂವರೆ ವರ್ಷದಲ್ಲಿ ಅದೂ ತುಂಬಿತು. ತಿಂಗಳಿಗೊಮ್ಮೆಯಾದರೂ ಬರುವ ಮನೆಗಳು ಮೊದಲಿಗಿಂತ ಮೂರರಲ್ಲಿ ಒಂದು ಪಾಲು ಜಾಸ್ತಿ ಇವೆ. 2020ರಲ್ಲಿ ಎಲ್ಲ ಹಾರ್ಡ್‌ವೇರ್ ಅಂಗಡಿಗಳಿಗೂ ಸುಗ್ಗಿ ಇತ್ತು. ಹಾಗಾಗಿ ಆ ವರ್ಷವನ್ನು ಬಿಟ್ಟೇ ಹೇಳುತ್ತಿದ್ದೇನೆ. ಖರ್ಚು ಬದಲಿ ಪಟ್ಟಿ, ಸರ್ವಿಸ್, ವ್ಯತ್ಯಾಸ ಎಲ್ಲ ಸೇರಿ ಕೆಟ್ಟ ವರ್ಷದಲ್ಲಿ 18 ಸಾವಿರ, ಮಾಮೂಲಿ ವರ್ಷದಲ್ಲಿ ಎಂಟು. ಮೊದಲು ಜಾಹೀರಾತಿಗೆ ಹೋಗುತ್ತಿದ್ದದ್ದು ಅದಕ್ಕಿಂತ ಜಾಸ್ತಿ.

ಕೆಲಸಗಾರರು ಬಿಟ್ಟು ಹೋಗುವುದೂ ಕಡಿಮೆಯಾಗಿದೆ. ಗಾರ್ಡ್‌ನಲ್ಲಿ ಇಲ್ಲದವರೂ ಉಳಿಯುತ್ತಿದ್ದಾರೆ. ಅದು ಹೇಗೆ ಅಂದರೆ, ಶನಿವಾರದ ಬದಲಿ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟೆ. ಮಗುವಿನ ಹಾಕಿ ಪಂದ್ಯಕ್ಕೆ ರಜೆ ಬೇಕಾದವರೂ ಅಜ್ಜನ ಹೆಸರು ಹಾಕಿಸಬಹುದು. ಅವತ್ತಿನಿಂದ ಗೊಣಗು ನಿಂತಿತು.

ಎರಡನೇ ಅಂಗಡಿಯ ಕಥೆ ಬೇರೆ. ಅದು ಮಿನ್ನಿಯಾಪೊಲಿಸ್ ಪಕ್ಕದ ಉಪನಗರದಲ್ಲಿದೆ. ಅಲ್ಲೂ ಇದೇ ಬದಲಿ ಪಟ್ಟಿ, ಇದೇ ಸರ್ವಿಸ್ ಹಾಕಿದೆ. ಮೊದಲ ಅಕ್ಟೋಬರ್‌ನಲ್ಲಿ ಟ್ಯೂನಪ್‌ಗೆ ಬಂದದ್ದು ಮೂರೋ ನಾಲ್ಕೋ ಮೆಷಿನ್. ಅಲ್ಲಿ ಗಾರ್ಡ್ ಮನೆಗಳು ಕಡಿಮೆ, ಇರುವವರಿಗೂ ಒಬ್ಬರ ಪರಿಚಯ ಒಬ್ಬರಿಗಿಲ್ಲ. ಬಾಯಿ ಮಾತು ಓಡಲ್ಲ. ಅಲ್ಲಿ ನಿವೃತ್ತರು ಸಿಗುತ್ತಾರೆ, ಆದರೆ ಗಂಟೆಗೆ ಆರು ಡಾಲರ್ ಜಾಸ್ತಿ ಕೇಳುತ್ತಾರೆ. ಈ ಚಳಿಗಾಲ ಒಂದು ನೋಡುತ್ತೇನೆ. ಹತ್ತು ಮೆಷಿನ್ ಕೂಡ ಬರದಿದ್ದರೆ ಅಲ್ಲಿ ಸರ್ವಿಸ್ ನಿಲ್ಲಿಸಿ ಕೂಲಿ ದುಡ್ಡನ್ನು ದೊಡ್ಡ ಅಂಗಡಿಗೆ ಹಾಕುತ್ತೇನೆ. ಬದಲಿ ಪಟ್ಟಿ ಮಾತ್ರ ಅಲ್ಲೂ ಇರುತ್ತೆ. ಅಲ್ಲಿ ಕ್ಯಾಶ್‌ನಲ್ಲಿರುವ ಹುಡುಗ ಮೊನ್ನೆ ತಾನೇ ಗಾರ್ಡ್‌ಗೆ ಸೇರಿದ್ದಾನೆ, ಮಾರ್ಚ್‌ನಿಂದ ಬೇಸಿಕ್ ಟ್ರೇನಿಂಗ್.